ಪ್ಯಾಕೆಟ್ ಹಿಟ್ಟು ಬೇಡ, ಗಿರಣಿ ಕಡೆ ಗಮನ ಇರಲಿ

ಅಕ್ಕಾ, ಮಗನಿಗೆ ಸೀಲಿಯಾಕ್, ಅಂದರೆ ಗೋಧಿಯಂಥ ಕಾಳಿನಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್‌ನಿಂದ ಕರುಳು ಕೆಡುವ ಕಾಯಿಲೆ, ಅಂತ ಗೊತ್ತಾಗಿದೆ, ಗ್ಲುಟನ್ ಫ್ರೀ ಹಿಟ್ಟಿನ ಬೆಲೆ ನೋಡಿ ದಿಕ್ಕೇ ತೋಚುತ್ತಿಲ್ಲ, ಯಾದಗಿರಿಯಲ್ಲಿ ಇದನ್ನೆಲ್ಲ ಹೇಗೆ ನಿಭಾಯಿಸೋದು ಅಂತ ಕೇಳಿದ್ದೀರಿ. ನನಗೂ ಇದೇ ಕಾಯಿಲೆ ಇದೆ, ಇರೋದು ಕಲಬುರಗಿಯಲ್ಲಿ. ಆ ಪ್ಯಾಕೆಟ್ ಹಿಟ್ಟು ನಿಮಗೆ ಬೇಕಾಗಿಯೇ ಇಲ್ಲ.

ಗ್ಲುಟನ್ ಇರುವುದು ಗೋಧಿ, ಜವೆಗೋಧಿ (ಬಾರ್ಲಿ), ರೈ ಕಾಳುಗಳಲ್ಲಿ. ಮೈದಾ ಗೋಧಿಯದೇ, ರವೆ, ಅಂಗಡಿ ಶಾವಿಗೆಯೂ ಹೆಚ್ಚಾಗಿ ಗೋಧಿಯವೇ. ಜೋಳ, ಸಜ್ಜೆ, ಅಕ್ಕಿ, ತೊಗರಿ, ಕಡಲೆ, ಶೇಂಗಾದಲ್ಲಿ ಅದಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ಜುಣಕ, ಅಗಸಿ ಹಿಂಡಿ, ಅನ್ನ, ತೊಗರಿಬೇಳೆ ಸಾರು ಎಲ್ಲ ನಿಮ್ಮ ಮಗ ಹೊಟ್ಟೆ ತುಂಬ ತಿನ್ನಬಹುದು. ರೇಷನ್ ಅಕ್ಕಿಯೂ ನಡೆಯುತ್ತದೆ.

ತೊಂದರೆ ಇರುವುದು ಗಿರಣಿಯಲ್ಲಿ. ನಿಮಗಿಂತ ಮುಂಚೆ ಯಾರೋ ಗೋಧಿ ಬೀಸಿಸಿಕೊಂಡು ಹೋಗಿರುತ್ತಾರೆ. ಕಲ್ಲಿನಲ್ಲಿ ಉಳಿದ ಹಿಟ್ಟು ನಿಮ್ಮ ಜೋಳದ ಜೊತೆ ಬರುತ್ತದೆ. ಗ್ಲುಟನ್ ಫ್ರೀ ಅಂತ ಮಾರುವ ಆಹಾರದಲ್ಲಿ ಕೆಜಿಗೆ 20 ಮಿಲಿಗ್ರಾಂ ಗ್ಲುಟನ್ ಮೀರಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಇದೆ. ಒಂದು ಕೆಜಿ ಜೋಳದ ಹಿಟ್ಟಿಗೆ ಚಿಟಿಕೆ ಗೋಧಿ ಹಿಟ್ಟು ಬಿದ್ದರೂ ಆ ಮಿತಿ ದಾಟಿಬಿಡುತ್ತದೆ. ಬೆಳಿಗ್ಗೆ ಮೊದಲು ಹೋಗಿ ಬೀಸಿಸುತ್ತೇವೆ ಅಂತ ಕೆಲವರು ಹೇಳುತ್ತಾರೆ. ನಿನ್ನೆಯ ಗೋಧಿ ಹಿಟ್ಟು ರಾತ್ರಿಯಲ್ಲಿ ಎಲ್ಲಿಗೂ ಹೋಗಿರುವುದಿಲ್ಲ, ಅಲ್ವಾ? ಜೋಳಕ್ಕೇ ಬೇರೆ ಯಂತ್ರ ಇಟ್ಟ ಗಿರಣಿ ಹತ್ತಿರ ಇದೆಯಾ, ವಿಚಾರಿಸಿ. ಇಲ್ಲದಿದ್ದರೆ, ಒಮ್ಮೆ ದುಡ್ಡು ಹಾಕುವುದಾದರೆ ಚಿಕ್ಕ ಮನೆ ಗಿರಣಿಗೆ ಹಾಕಿ. ನಾನು ಹಾಗೇ ಮಾಡಿದೆ. ಅಲ್ಲಿಯವರೆಗೆ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಬೀಸಿ, ಸಣ್ಣ ಜರಡಿಯಲ್ಲಿ ಸೋಸಿಕೊಳ್ಳಿ. ಆ ಜರಡಿಗೆ ಗೋಧಿ ಹಿಟ್ಟು ತಾಗಬಾರದು. ಹೆಂಚು, ಹಿಟ್ಟು ನಾದುವ ಕೊಣಮಗಿ, ಡಬ್ಬಿ ಎಲ್ಲ ಬೇರೆ ಇರಲಿ.

ಕಾಳು ತಂದ ಮೇಲೆ ಚೆನ್ನಾಗಿ ಹಸನು ಮಾಡಿ. ಜೋಳದಲ್ಲಿ ಗೋಧಿ ಕಾಳು ಸೇರಿರುವುದುಂಟು. ಹಿಟ್ಟು ತಾಜಾ ಇದ್ದಷ್ಟೂ ರೊಟ್ಟಿ ಚೆನ್ನಾಗಿ ಬರುತ್ತದೆ. ಗ್ಲುಟನ್ ಇಲ್ಲದ್ದರಿಂದ ಜಿಗುಟು ಕುದಿಯುವ ನೀರಿನಿಂದಲೇ ಬರಬೇಕು, ಇದು ನಿಮಗೆ ನಾನು ಹೇಳಬೇಕಾಗಿಲ್ಲ.

ಕಣ್ಣಿಗೆ ಕಾಣದ ಗೋಧಿಯೂ ಇದೆ. ಪುಡಿ ಇಂಗಿನಲ್ಲಿ ಎಷ್ಟೋ ಸಲ ಮೈದಾ ಬೆರೆಸಿರುತ್ತಾರೆ, ಡಬ್ಬಿ ಹಿಂದೆ ಓದಿ ನೋಡಿ. ಹಾಲಿಗೆ ಹಾಕುವ ಮಾಲ್ಟ್ ಪುಡಿ ಬೇಡ, ಅದು ಸಾಮಾನ್ಯವಾಗಿ ಜವೆಗೋಧಿಯದು. ಬಜಾರಿನ ಮಿರ್ಚಿ ಭಜಿ ಕಡಲೆಹಿಟ್ಟಿನದೇ, ಆದರೆ ಅದೇ ಎಣ್ಣೆಯಲ್ಲಿ ಸಮೋಸಾನೂ ಕರಿದಿರುತ್ತಾರೆ. ಶಾಲೆ ಊಟದಲ್ಲಿ ಉಪ್ಪಿಟ್ಟು ಇದ್ದ ದಿನ ಮನೆಯಿಂದ ಡಬ್ಬಿ ಕೊಟ್ಟು ಕಳಿಸಿ, ಮಾಸ್ತರರಿಗೆ ಮುಂಚೆಯೇ ತಿಳಿಸಿ.

ಮದುವೆ, ಜಾತ್ರೆಗಳಲ್ಲಿ ಗೋಧಿ ಹುಗ್ಗಿ, ಹೋಳಿಗೆ ನೋಡಿ ಮಗು ಸಪ್ಪಗಾಗುತ್ತದೆ. 'ಸ್ವಲ್ಪ ತಿಂದರೆ ಏನೂ ಆಗಲ್ಲ' ಅಂತ ಹಿರಿಯರು ಒತ್ತಾಯ ಮಾಡುತ್ತಾರೆ. ಅಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ಸ್ವಲ್ಪ ತಿಂದರೂ ಕರುಳಿಗೆ ಪೆಟ್ಟು ಬೀಳುತ್ತದೆ, ಹೊಟ್ಟೆ ನೋಯದಿದ್ದರೂ ಬೀಳುತ್ತದೆ. ಎಳ್ಳಮಾವಾಸ್ಯೆಗೆ ಸಜ್ಜಿ ರೊಟ್ಟಿ, ಭಜ್ಜಿ, ಸಜ್ಜಿ ಕಡಬು ಮಾಡುತ್ತೀರಲ್ಲ, ಮನೆ ಹಿಟ್ಟಿನಲ್ಲಿ ಮಾಡಿದರೆ ಎಲ್ಲರ ಜೊತೆ ಕೂತು ಅವನೂ ತಿನ್ನುತ್ತಾನೆ.

ಅವನಿಗೆ ಅಣ್ಣ, ತಂಗಿ ಇದ್ದರೆ ಅವರಿಗೂ ರಕ್ತ ಪರೀಕ್ಷೆ ಮಾಡಿಸಿ, ಲಕ್ಷಣ ಇಲ್ಲದಿದ್ದರೂ ಮಾಡಿಸಿ. ಪರೀಕ್ಷೆ ಮುಗಿಯುವವರೆಗೆ ಅವರಿಗೆ ಗೋಧಿ ನಿಲ್ಲಿಸಬೇಡಿ. ಮೊದಲೇ ಬಿಟ್ಟರೆ ಕಾಯಿಲೆ ಇದ್ದರೂ ವರದಿಯಲ್ಲಿ ಕಾಣಿಸದೆ ಹೋಗಬಹುದು.