ರೈತ ಉತ್ಪಾದಕ ಕಂಪನಿಯ ಮೂರು ವರ್ಷದ ಯೋಜನಾ ಸಭೆಯನ್ನು ಹೇಗೆ ನಡೆಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ರೈತರೇ ಷೇರು ಹಾಕಿ ಕಟ್ಟಿಕೊಂಡ, ತೊಗರಿ ಕೊಂಡು ಮಾರುವ ರೈತ ಉತ್ಪಾದಕ ಕಂಪನಿಯೊಂದಕ್ಕೆ ನೀವು ಸಿಇಒ, ಅಂದರೆ ಮುಖ್ಯ ಕಾರ್ಯನಿರ್ವಾಹಕರು. ಮುಂದಿನ ಮೂರು ವರ್ಷದ ಯೋಜನೆಯನ್ನು ಎರಡು ದಿನ ಕುಳಿತು ರೂಪಿಸಬೇಕೆಂದು ಹತ್ತು ನಿರ್ದೇಶಕರ ಮಂಡಳಿ ತೀರ್ಮಾನಿಸಿ, ಸಭೆ ನಡೆಸಿಕೊಡುವ ಹೊಣೆಯನ್ನು ನಿಮಗೇ ಒಪ್ಪಿಸಿದೆ. ಅಧ್ಯಕ್ಷರು ಮಾತನಾಡಿದ ಮೇಲೆ ಉಳಿದವರು ಬಾಯಿ ಬಿಡುವುದಿಲ್ಲ. ಹೀಗಿರುವಾಗ ಸ್ವಾಟ್ ಕೋಷ್ಟಕ (ಬಲ, ದೌರ್ಬಲ್ಯ, ಅವಕಾಶ, ಅಪಾಯ ಎಂಬ ನಾಲ್ಕು ಚೌಕ) ತುಂಬಿಸಿದರೆ ಸಾಕೇ, ಬೇರೆ ಏನಾದರೂ ಮಾಡಬೇಕೇ ಎಂದು ಕೇಳಿದ್ದೀರಿ. ಕಲಬುರಗಿಯಲ್ಲಿದ್ದುಕೊಂಡು ಸುತ್ತಲಿನ ಜಿಲ್ಲೆಗಳ ಸಹಕಾರ ಸಂಘಗಳಿಗೆ, ಮಹಿಳಾ ಒಕ್ಕೂಟಗಳಿಗೆ, ರೈತ ಕಂಪನಿಗಳಿಗೆ ಇಂಥ ಸಭೆಗಳನ್ನು ನಡೆಸಿಕೊಡುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಮೊದಲನೆಯದಾಗಿ, ಈ ಸಭೆಯನ್ನು ನೀವು ನಡೆಸಬೇಡಿ. ನಿಮ್ಮ ಸಾಮರ್ಥ್ಯದ ಬಗ್ಗೆ ನನಗೆ ಅನುಮಾನವೇನೂ ಇಲ್ಲ, ಕಾರಣ ಬೇರೆ. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಡಿ ಪ್ರತಿ ಸಂಸ್ಥೆಗೆ ಆಡಳಿತ ವೆಚ್ಚಕ್ಕೆಂದು ಮೂರು ವರ್ಷಗಳಿಗೆ ಒಟ್ಟು 18 ಲಕ್ಷ ರೂಪಾಯಿಯವರೆಗೆ ನೆರವು ಸಿಗುತ್ತದೆ. ಸಿಇಒ ಮತ್ತು ಲೆಕ್ಕಿಗರ ಸಂಬಳ, ಕಚೇರಿ ಬಾಡಿಗೆ ಮುಂತಾದವು ಹೆಚ್ಚಾಗಿ ಅದರಿಂದಲೇ ನಡೆಯುತ್ತವೆ. ನಿಮ್ಮ ಕಂಪನಿಗೆ ಆ ನೆರವಿನ ಮೂರನೆಯ ವರ್ಷ ಮುಗಿಯುತ್ತ ಬಂದಿದೆ ಎಂದು ನೀವೇ ಬರೆದಿದ್ದೀರಿ. ಅಂದಮೇಲೆ ಮಂಡಳಿಯ ಮುಂದಿರುವ ದೊಡ್ಡ ಪ್ರಶ್ನೆ ನಾಲ್ಕನೆಯ ವರ್ಷದ ಸಿಇಒ ಸಂಬಳ ಎಲ್ಲಿಂದ ಬರಬೇಕು ಎಂಬುದೇ ಆಗಿರುತ್ತದೆ. ಆ ಪ್ರಶ್ನೆ ಚರ್ಚೆಗೆ ಬಂದಾಗ ಬೋರ್ಡಿನ ಮುಂದೆ ಮಾರ್ಕರ್ ಹಿಡಿದು ನಿಂತಿರುವವರು ಆ ಸಿಇಒ ಆಗಿದ್ದರೆ, ಎಷ್ಟೇ ಧೈರ್ಯಸ್ಥ ನಿರ್ದೇಶಕರಾದರೂ ಮನಸ್ಸಿನ ಮಾತು ಆಡಲಾರರು. ಅಲ್ಲದೆ, ಕಂಪನಿಯ ಲೆಕ್ಕ ನಿಮಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲದ ಕಾರಣ ನಿಮ್ಮ ಅಭಿಪ್ರಾಯ ಸಭೆಗೆ ಬೇಕೇ ಬೇಕು. ಸಭೆ ನಡೆಸುವವರು ಅಭಿಪ್ರಾಯ ಹೇಳತೊಡಗಿದರೆ ಸಭೆ ಅವರದಾಗಿಬಿಡುತ್ತದೆ. ಇದಕ್ಕಾಗಿ ಬೆಂಗಳೂರಿನಿಂದ ದುಡ್ಡು ಕೊಟ್ಟು ಯಾರನ್ನೂ ಕರೆಸಬೇಕಾಗಿಲ್ಲ. ಬೀದರ್ ಅಥವಾ ಯಾದಗಿರಿ ಕಡೆಯ ಕಂಪನಿಯೊಂದರ ಸಿಇಒ ಬಂದು ನಿಮ್ಮ ಸಭೆ ನಡೆಸಿಕೊಡಲಿ, ಅವರ ಸಭೆಯನ್ನು ನೀವು ಹೋಗಿ ನಡೆಸಿಕೊಡಿ. ಸೋಯಾ ಮಾರುವ ಬೀದರಿನವರಿಗೆ ನಿಮ್ಮೂರಿನ ತೊಗರಿ ರಾಜಕೀಯದಲ್ಲಿ ಯಾವ ಪಾಲೂ ಇರುವುದಿಲ್ಲ.

ಇಂಥ ಸಭೆಯಲ್ಲಿ ಆಗಬೇಕಾದದ್ದು ನನ್ನ ದೃಷ್ಟಿಯಲ್ಲಿ ಒಂದೇ. ಕಂಪನಿ ಇನ್ನು ಮುಂದೆ ಯಾವ ಕೆಲಸವನ್ನು ಮಾಡುವುದಿಲ್ಲ ಎಂಬುದನ್ನು ಮಂಡಳಿ ಒಟ್ಟಾಗಿ ನಿರ್ಧರಿಸಬೇಕು. ವಿಷಯ ತಿಳಿದವರು ಸ್ಥಾನಮಾನ ಉಳ್ಳವರಿಗಿಂತ ಮೊದಲು ಮಾತನಾಡದ ಹೊರತು ಅದು ಆಗುವುದಿಲ್ಲ. ಕೆಳಗೆ ಹೇಳುವ ಎಲ್ಲ ಏರ್ಪಾಡೂ ಈ ಎರಡಕ್ಕಾಗಿಯೇ.

ಸಭೆಗೆ ಎರಡು ಮೂರು ವಾರ ಮೊದಲು, ಸಭೆ ನಡೆಸುವವರು ಪ್ರತಿಯೊಬ್ಬ ನಿರ್ದೇಶಕರನ್ನೂ ಅವರ ಊರಲ್ಲೇ ಒಬ್ಬೊಬ್ಬರಾಗಿ ಕಂಡು ಮಾತನಾಡಬೇಕು. ಫೋನಿನಲ್ಲಿ ಈ ಮಾತು ಬರುವುದಿಲ್ಲ. ಹೊಲದ ಬದುವಿನಲ್ಲೋ ಮನೆಯ ಕಟ್ಟೆಯ ಮೇಲೋ ಚಹಾ ಮುಗಿದ ಮೇಲೆ ಬರುತ್ತದೆ. ನಾನು ಎಲ್ಲರಿಗೂ ತಪ್ಪದೆ ಕೇಳುವ ಒಂದು ಪ್ರಶ್ನೆಯಿದೆ: ನಾಳೆ ಈ ಕಂಪನಿ ಮುಚ್ಚಿದರೆ ನಿಮಗೆ ಸ್ವಂತಕ್ಕೆ ಆಗುವ ನಷ್ಟವೇನು? "ಏನಿಲ್ರಿ, ಮೊದ್ಲಿನಂಗ ಅಡತಿ ಅಂಗಡಿಗೆ ಹಾಕ್ತೀವಿ" ಎಂದು ನಿರ್ದೇಶಕರೇ ಹೇಳಿದರೆ ಸಭೆಯ ಮೊದಲ ವಿಷಯ ಏನಾಗಿರಬೇಕು ಎಂಬುದು ಅಲ್ಲೇ ತೀರ್ಮಾನವಾದಂತೆ. ಯಾರು ಏನು ಹೇಳಿದರು ಎಂಬುದನ್ನು ಬಿಟ್ಟು, ಏನೇನು ಮಾತು ಬಂತು ಎಂಬುದನ್ನಷ್ಟೇ ಸಭೆಯ ಮುಂದಿಡಬೇಕು, ಮತ್ತು ಹಾಗೆ ಮಾಡುವುದಾಗಿ ಆ ಭೇಟಿಯಲ್ಲೇ ಮಾತು ಕೊಡಬೇಕು.

ಅದೇ ಹೊತ್ತಿಗೆ ನೀವು ಒಂದೇ ಒಂದು ಹಾಳೆಯ ಲೆಕ್ಕ ಸಿದ್ಧಪಡಿಸಿ. ಲೆಕ್ಕಪರಿಶೋಧನಾ ವರದಿಯನ್ನು ಹಂಚಬೇಡಿ, ಅದನ್ನು ಯಾರೂ ಓದುವುದಿಲ್ಲ. ಷೇರು ಹಣ ಕಟ್ಟಿದವರೆಷ್ಟು, ಅವರಲ್ಲಿ ಕಳೆದ ಹಂಗಾಮಿನಲ್ಲಿ ಕಂಪನಿಗೆ ತೊಗರಿ ಹಾಕಿದವರೆಷ್ಟು. ಎಷ್ಟು ಕ್ವಿಂಟಾಲ್ ಕೊಂಡಿರಿ, ಯಾವ ದರಕ್ಕೆ, ಎಷ್ಟಕ್ಕೆ ಮಾರಿದಿರಿ. ದಾಲ್‌ಮಿಲ್ ವರ್ಷದಲ್ಲಿ ಎಷ್ಟು ದಿನ ಓಡಿತು, ಒಂದು ಕ್ವಿಂಟಾಲ್ ತೊಗರಿಗೆ ಎಷ್ಟು ಕಿಲೋ ಬೇಳೆ ಇಳಿಯಿತು. ಗೊಬ್ಬರ ಮತ್ತು ಬೀಜದ ಉದ್ರಿ ಎಷ್ಟು ಬಾಕಿ ಇದೆ. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಕ್ವಿಂಟಾಲಿಗೆ ಸುಮಾರು 70 ಕಿಲೋ ಆಸುಪಾಸಿನಲ್ಲಿ ಬೇಳೆ ಬರಬೇಕಾದ ಕಡೆ ಬಹಳ ಕಡಿಮೆ ಬರುತ್ತಿದ್ದರೆ, ಹೊಸ ಬ್ರ್ಯಾಂಡು, ಆನ್‌ಲೈನ್ ಮಾರಾಟ ಎಂಬ ಮಾತು ಎತ್ತುವ ಮೊದಲೇ ಕೆಲವರ ಕಣ್ಣು ಆ ಸಾಲಿನ ಮೇಲೆ ನಿಲ್ಲುತ್ತದೆ. ಅಷ್ಟಾದರೆ ಹಾಳೆ ತನ್ನ ಕೆಲಸ ಮಾಡಿದಂತೆ.

ದಿನಾಂಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜೂನ್ ಜುಲೈ ಬಿತ್ತನೆ, ಡಿಸೆಂಬರಿನಿಂದ ಫೆಬ್ರುವರಿವರೆಗೆ ರಾಶಿ ಮತ್ತು ಮಾರಾಟ. ಆಗ ಕರೆದರೆ ಬಂದವರ ಮನಸ್ಸು ಹೊಲದಲ್ಲಿರುತ್ತದೆ. ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ ಏಪ್ರಿಲ್ ಒಳ್ಳೆಯದು, ಆದರೆ ಬಿಸಿಲು ಮರೆಯಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಆರಂಭಿಸಿ ಮಧ್ಯಾಹ್ನ 1.30ಕ್ಕೆ ಮುಗಿಸುತ್ತವೆ, ನೀವೂ ಹಾಗೆಯೇ ಮಾಡಿ. ಎರಡು ದಿನವನ್ನು ಎರಡು ದೀರ್ಘ ಮುಂಜಾವುಗಳಾಗಿ ಭಾವಿಸಿದರೆ ಊಟದ ನಂತರದ ತೂಕಡಿಕೆಯ ಕಾಟವೂ ತಪ್ಪುತ್ತದೆ.

ಇನ್ನು ನಿಮ್ಮನ್ನು ನಿಜವಾಗಿ ಕಾಡುತ್ತಿರುವ ವಿಷಯಕ್ಕೆ, ಅಂದರೆ ಅಧ್ಯಕ್ಷರ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಉದ್ಘಾಟನಾ ಭಾಷಣಗಳಲ್ಲಿ ಬಸವಕಲ್ಯಾಣದ ಅನುಭವ ಮಂಟಪದ ಹೆಸರು ಬಾರದ ಸಭೆಯೇ ಅಪರೂಪ. ಭಾಷಣ ಮುಗಿದ ಮೇಲೆ ವೇದಿಕೆಯ ಮೇಲಿದ್ದವರು ಬಿಟ್ಟು ಬೇರೆಯವರು ಮಾತನಾಡುವುದೂ ಅಷ್ಟೇ ಅಪರೂಪ. ಇದಕ್ಕೆ ಅಧ್ಯಕ್ಷರನ್ನಷ್ಟೇ ದೂರಿ ಪ್ರಯೋಜನವಿಲ್ಲ. "ಗೌಡ್ರು ಹೇಳ್ಯಾರಲ್ರಿ, ಹಂಗೇ ಬರ್ಕೊಳ್ರಿ" ಎನ್ನುವುದು ಉಳಿದವರಿಗೂ ಸುಲಭದ ದಾರಿ, ಏಕೆಂದರೆ ಆಮೇಲೆ ಕೆಲಸ ಕೆಟ್ಟರೆ ಹೊಣೆಯೂ ಗೌಡರದೇ ಆಗುತ್ತದೆ. ಆದ್ದರಿಂದ ಸಭೆಗೆ ಮೊದಲೇ ಅಧ್ಯಕ್ಷರನ್ನು ಖಾಸಗಿಯಾಗಿ ಭೇಟಿಯಾಗಿ, ಅವರ ಗೌರವಕ್ಕೆ ಕುಂದು ಬಾರದಂತೆ ಒಂದು ಒಪ್ಪಂದ ಮಾಡಿಕೊಳ್ಳಬೇಕು. ನಾನು ಹೇಳುವುದು ಇಷ್ಟೇ: "ಗೌಡ್ರ, ನೀವು ಮೊದ್ಲ ಹೇಳಿಬಿಟ್ರ ಅವ್ರ ಮನಸಿನಾಗ ಏನದ ಅಂತ ನಿಮಗ ಗೊತ್ತೇ ಆಗಂಗಿಲ್ರಿ." ಸಂಸ್ಥೆ ಕಟ್ಟಿದ ಹಿರಿಯರಿಗೆ ಉಳಿದವರ ಮನಸ್ಸು ತಿಳಿಯುವ ಕುತೂಹಲ ನಿಜಕ್ಕೂ ಇರುತ್ತದೆ, ಹೆಚ್ಚಿನವರು ಒಪ್ಪುತ್ತಾರೆ. ಆರಂಭದಲ್ಲಿ ಎರಡು ನಿಮಿಷ ಸ್ವಾಗತ, ಪ್ರತಿ ವಿಷಯದ ಕೊನೆಯಲ್ಲಿ ಅವರ ಮಾತು ಎಂದು ಕಾರ್ಯಸೂಚಿಯಲ್ಲೇ ಅಚ್ಚು ಮಾಡಿಸಿ. ವೇದಿಕೆ, ಹಾರ, ಹೆಸರಿನ ಫಲಕ ಯಾವುದೂ ಬೇಡ. ಕುರ್ಚಿಗಳು ದುಂಡಗೆ ಇರಲಿ.

ಆದರೂ ಬಾಯಿ ತೆರೆಯದವರು ಇದ್ದೇ ಇರುತ್ತಾರೆ. ಅದಕ್ಕೆ ಮದ್ದು ಮಾತಿಗಿಂತ ಮೊದಲು ಬರವಣಿಗೆ. ಅಮೆರಿಕದ ಡೆಲ್‌ಬೆಕ್ ಮತ್ತು ವಾನ್ ಡಿ ವೆನ್ ಎಂಬ ಇಬ್ಬರು ವಿದ್ವಾಂಸರು 1971ರಲ್ಲಿ ವಿವರಿಸಿದ ವಿಧಾನವಿದು. ಪ್ರಶ್ನೆಯನ್ನು ಓದಿ ಹೇಳಿದ ಮೇಲೆ ಸುಮಾರು ಹತ್ತು ನಿಮಿಷ ಎಲ್ಲರೂ ಮೌನವಾಗಿ ತಮ್ಮ ತಮ್ಮ ಉತ್ತರ ಬರೆಯುತ್ತಾರೆ. ನಂತರ ಒಬ್ಬೊಬ್ಬರೂ ಸರದಿಯಂತೆ ಒಂದೊಂದೇ ಅಂಶ ಓದುತ್ತಾರೆ, ಅದನ್ನು ಟೀಕೆಯಿಲ್ಲದೆ ಬೋರ್ಡಿನ ಮೇಲೆ ಬರೆಯಲಾಗುತ್ತದೆ. ಎಲ್ಲ ಮುಗಿದ ಮೇಲಷ್ಟೇ ಸ್ಪಷ್ಟೀಕರಣದ ಚರ್ಚೆ. ಕೊನೆಗೆ ಪ್ರತಿಯೊಬ್ಬರೂ ಸ್ವತಂತ್ರವಾಗಿ ಆದ್ಯತೆಯ ಅಂಕ ಕೊಡುತ್ತಾರೆ. ಬರೆದಾದ ಮೇಲೆ ಯಾರ ಮಾತೂ ಬೇರೆಯವರ ಮಾತು ಕೇಳಿ ಬದಲಾಗುವುದಿಲ್ಲ ಎಂಬುದೇ ಇದರ ಶಕ್ತಿ. ಅಕ್ಷರ ಸರಾಗವಾಗಿ ಬಾರದ ನಿರ್ದೇಶಕರಿದ್ದರೆ, ಅವರ ಪಕ್ಕದಲ್ಲಿ ಕಂಪನಿಯ ಸಿಬ್ಬಂದಿಯನ್ನು ಕೂರಿಸಬೇಡಿ. ಹೊರಗಿನ ಕಾಲೇಜು ವಿದ್ಯಾರ್ಥಿಯೊಬ್ಬರು ಕಿವಿಗೊಟ್ಟು ಬರೆದುಕೊಡಲಿ. ಮಹಿಳಾ ನಿರ್ದೇಶಕರ ಪರವಾಗಿ ಗಂಡ ಬಂದು ಕೂರುವ ರೂಢಿಯಿದ್ದರೆ, ಅವರಿಗೆ ಹೊರಗೆ ಚಹಾ ಕೊಟ್ಟು ಕುರ್ಚಿಯನ್ನು ಆಯ್ಕೆಯಾದವರಿಗೇ ಬಿಡಿಸಿಕೊಡುವುದು ಸಭೆ ನಡೆಸುವವರ ಕರ್ತವ್ಯ.

ಅಂಕ ಕೊಡುವ ಹಂತಕ್ಕೆ ನಾನು ತೊಗರಿ ಕಾಳನ್ನೇ ಬಳಸುತ್ತೇನೆ. ಗ್ರಾಮ ಸಮೀಕ್ಷೆಗಳಲ್ಲಿ ಕಾಳು, ಕಲ್ಲು ಇಟ್ಟು ಆದ್ಯತೆ ಗುರುತಿಸುವುದು ಹಳೆಯ ಪದ್ಧತಿ. ಪ್ರತಿ ಪ್ರಸ್ತಾವಕ್ಕೆ ಒಂದೊಂದು ಕಾಗದದ ಲೋಟ, ಪ್ರತಿಯೊಬ್ಬರ ಕೈಯಲ್ಲಿ ಹತ್ತು ಕಾಳು. ಲೋಟಗಳನ್ನು ಪಕ್ಕದ ಕೋಣೆಯಲ್ಲಿಟ್ಟು ಒಬ್ಬೊಬ್ಬರೇ ಹೋಗಿ ಹಾಕಿ ಬರಬೇಕು. ತೆರೆದ ಹಾಳೆಯ ಮೇಲೆ ಇಟ್ಟರೆ ಫ್ಯಾನ್ ಗಾಳಿಗೆ ಕಾಳು ಉರುಳಿಹೋಗುತ್ತವೆ, ಯಾರು ಎಲ್ಲಿ ಇಟ್ಟರೆಂಬುದೂ ಕಾಣುತ್ತದೆ. ಶಹಾಪುರ ಕಡೆಯ ಮಹಿಳಾ ಒಕ್ಕೂಟವೊಂದರಲ್ಲಿ ಮುಂಜಾನೆಯೆಲ್ಲ ಸ್ವಂತ ಕಟ್ಟಡದ ಮಾತೇ ನಡೆದಿತ್ತು, ಅದು ಅಧ್ಯಕ್ಷೆಯವರ ಆಸೆಯಾಗಿತ್ತು. ಲೋಟಗಳನ್ನು ತಂದು ಎಲ್ಲರೆದುರು ಸುರಿದಾಗ ಕಟ್ಟಡದ ಲೋಟದಿಂದ ಬಿದ್ದದ್ದು ನಾಲ್ಕಾರು ಕಾಳು. ಕೆಟ್ಟು ನಿಂತಿದ್ದ ಹಿಟ್ಟಿನ ಗಿರಣಿಯ ದುರಸ್ತಿಯ ಲೋಟದಿಂದ ಬೊಗಸೆ ತುಂಬ. ಅಧ್ಯಕ್ಷೆ ಕಾಳುಗಳನ್ನು ತಾವೇ ಎಣಿಸಿ, ನಕ್ಕು, "ಮೊದ್ಲೇ ಹೇಳಬಾರದೇನವಾ?" ಎಂದರು.

ಸ್ವಾಟ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಿಲ್ಲ. ನಾಲ್ಕು ಚೌಕ ತುಂಬಿಸಿ ಫೋಟೋ ತೆಗೆಸಿಕೊಳ್ಳುವುದಕ್ಕೆ ಅದು ಅನುಕೂಲ. ಬಲ ಎಂಬ ಚೌಕದಲ್ಲಿ ಮೊದಲು ಬರುವ ಶಬ್ದ "ಒಗ್ಗಟ್ಟು", ದೌರ್ಬಲ್ಯದಲ್ಲಿ "ಹಣದ ಕೊರತೆ". ಇವೆರಡರಿಂದ ಯಾವ ನಿರ್ಧಾರವೂ ಹುಟ್ಟುವುದಿಲ್ಲ. ನೆರವು ನೀಡುವ ಸಂಸ್ಥೆಗೆ ಅದು ಬೇಕೇ ಬೇಕಾದರೆ ಮುಕ್ಕಾಲು ಗಂಟೆಯಲ್ಲಿ ಮುಗಿಸಿ, ಒಂದು ಷರತ್ತಿನೊಂದಿಗೆ: ಪ್ರತಿ ಅಂಶದ ಮುಂದೆ ಗೋಡೆಯ ಮೇಲಿನ ಲೆಕ್ಕದಿಂದ ಒಂದು ಅಂಕಿ ಇರಬೇಕು, ಇಲ್ಲದಿದ್ದರೆ ಆ ಅಂಶ ಬೇಡ.

ಹೊರಗಿನ ಪರಿಸ್ಥಿತಿಯ ಚರ್ಚೆಗೆ ಹೆಚ್ಚು ಸಮಯ ಕೊಡಿ, ಏಕೆಂದರೆ ತೊಗರಿಯ ವ್ಯವಹಾರ ಅಲ್ಲಿಯೇ ಮುಳುಗುವುದು ಅಥವಾ ತೇಲುವುದು. 2022ರ ಹಂಗಾಮಿನಲ್ಲಿ ನೆಟೆ ರೋಗ ನಮ್ಮ ಜಿಲ್ಲೆಯ ತೊಗರಿಯನ್ನು ಹೇಗೆ ಒಣಗಿಸಿತೆಂದು ನಿಮ್ಮ ನಿರ್ದೇಶಕರಿಗೆ ನಾನು ಹೇಳಬೇಕಾಗಿಲ್ಲ. 2024ರಲ್ಲಿ ಕ್ವಿಂಟಾಲಿಗೆ 10,000 ರೂಪಾಯಿ ದಾಟಿದ್ದ ಧಾರಣೆ 2025ರ ಆರಂಭದ ಹೊತ್ತಿಗೆ, ಆಗ 7,550 ರೂಪಾಯಿ ಇದ್ದ ಬೆಂಬಲ ಬೆಲೆಯ ಆಸುಪಾಸಿಗೆ ಇಳಿಯಿತು. 2021ರ ಮೇ ತಿಂಗಳಿಂದ ತೊಗರಿ ಆಮದಿಗೆ ಕೊಟ್ಟ ಮುಕ್ತ ಅವಕಾಶವನ್ನು ಕೇಂದ್ರ ಮತ್ತೆ ಮತ್ತೆ ವಿಸ್ತರಿಸುತ್ತ ಬಂದಿದೆ. ಮೊಜಾಂಬಿಕ್, ಮ್ಯಾನ್ಮಾರ್ ಕಡೆಯ ಮಾಲು ಬಂದಿಳಿದರೆ ಕಲಬುರಗಿ ಎಪಿಎಂಸಿಯ ಧಾರಣೆಗೂ ಅದರ ಬಿಸಿ ತಟ್ಟುತ್ತದೆ. ಇವು ಯಾವುವೂ ನಿಮ್ಮ ಮಂಡಳಿಯ ಕೈಯಲ್ಲಿಲ್ಲ. ಆದ್ದರಿಂದ ಮುಂದೆ ಧಾರಣೆ ಎಷ್ಟಿರುತ್ತದೆ ಎಂದು ಊಹಿಸಲು ಹೋಗದೆ ಮೂರು ಗುಂಪು ಮಾಡಿ: ಒಂದು ಗುಂಪಿಗೆ ಧಾರಣೆ ಬೆಂಬಲ ಬೆಲೆಗಿಂತ ಬಹಳ ಮೇಲಿರುವ ವರ್ಷ, ಇನ್ನೊಂದಕ್ಕೆ ಅದಕ್ಕಿಂತ ಕೆಳಗಿಳಿದ ವರ್ಷ, ಮೂರನೆಯದಕ್ಕೆ ಅರ್ಧ ಬೆಳೆ ಕೈಕೊಟ್ಟ ವರ್ಷ. ಆ ವರ್ಷ ಕಂಪನಿ ತೊಗರಿ ಕೊಳ್ಳಬೇಕೇ, ಯಾರ ದುಡ್ಡಿನಲ್ಲಿ, ಮಿಲ್ ಓಡಿಸಬೇಕೇ, ಸಂಬಳಕ್ಕೆ ಏನು ಮಾಡಬೇಕು ಎಂದು ಗುಂಪುಗಳು ಬರೆದು ತರಲಿ. ಧಾರಣೆ ಏರಿದ ವರ್ಷ ಸದಸ್ಯರೇ ಕಂಪನಿಯನ್ನು ಬಿಟ್ಟು ಹೊರಗೆ ಮಾರುತ್ತಾರೆ, ಇಳಿದ ವರ್ಷ ಎಲ್ಲರೂ ಬೆಂಬಲ ಬೆಲೆ ಖರೀದಿಗೆಂದು ಕಂಪನಿಯ ಬಾಗಿಲಿಗೆ ಬಂದು ತೇವಾಂಶ ಶೇ 12 ಮೀರಿದೆಯೆಂದು ಮಾಲು ತಿರಸ್ಕರಿಸಿದರೆ ಜಗಳವಾಡುತ್ತಾರೆ ಎಂಬ ಸತ್ಯ ಈ ಹೊತ್ತಿನಲ್ಲಿ ತಾನಾಗಿ ಹೊರಬರುತ್ತದೆ. ಮೂರೂ ಗುಂಪುಗಳಿಗೆ ಸಾಮಾನ್ಯವಾಗಿ ಬಂದ ಕೆಲಸಗಳೇ ನಿಮ್ಮ ಯೋಜನೆಯ ಗಟ್ಟಿ ಭಾಗ.

ಎರಡನೆಯ ದಿನದ ಮೊದಲ ಎರಡು ಗಂಟೆಯನ್ನು ಬಿಡಬೇಕಾದ ಕೆಲಸಗಳಿಗೆ ಮೀಸಲಿಡಿ. ಕಂಪನಿ ಈಗ ಮಾಡುತ್ತಿರುವ ಎಲ್ಲವನ್ನೂ ಒಂದೊಂದು ಕಾರ್ಡಿನ ಮೇಲೆ ಬರೆಯಿರಿ: ಗೊಬ್ಬರ ಮಾರಾಟ, ಬಾಡಿಗೆ ಟ್ರ್ಯಾಕ್ಟರ್, ದಾಲ್‌ಮಿಲ್, ಬೀಜೋತ್ಪಾದನೆ, ಪ್ಯಾಕೆಟ್ ಬೇಳೆ, ತರಬೇತಿ, ಹೀಗೆ. ಪ್ರತಿಯೊಂದರ ಕೆಳಗೆ ಅದಕ್ಕೆ ಹೋಗುವ ದುಡ್ಡು ಮತ್ತು ದಿನ. ನಂತರ ಕನಿಷ್ಠ ಎರಡು ಕಾರ್ಡು ಗೋಡೆಯಿಂದ ಇಳಿಯುವವರೆಗೆ ಚಹಾ ಇಲ್ಲ ಎಂದು ಘೋಷಿಸಿ. ಇದು ತಮಾಷೆಯಂತೆ ಕಂಡರೂ ಕೆಲಸ ಮಾಡುತ್ತದೆ. ಪ್ರತಿ ಕೆಲಸದ ಹಿಂದೆ ಅದನ್ನು ತಂದ ಒಬ್ಬ ನಿರ್ದೇಶಕರ ಅಭಿಮಾನ ಇರುವುದರಿಂದ ಇಲ್ಲಿ ಧ್ವನಿ ಏರುತ್ತದೆ, ಏರಲಿ. ಸಭೆ ನಡೆಸುವವರು ರಾಜಿ ಮಾಡಿಸುವ ಆತುರ ತೋರಬಾರದು, ಕಾರ್ಡಿನ ಕೆಳಗಿನ ಅಂಕಿಯನ್ನು ಮತ್ತೊಮ್ಮೆ ಓದಿ ಹೇಳಿದರೆ ಸಾಕು.

ಉಳಿದ ಯೋಜನೆ ರೂಪುಗೊಂಡ ಮೇಲೆ ಅರ್ಧ ಗಂಟೆ ತಿರುವುಮುರುವಾಗಿ ಯೋಚಿಸಿ. ಮೂರು ವರ್ಷ ಕಳೆದಿವೆ, ಈ ಯೋಜನೆ ಸಂಪೂರ್ಣ ನೆಲಕಚ್ಚಿದೆ ಎಂದು ಭಾವಿಸಿಕೊಂಡು ಕಾರಣ ಬರೆಯಿರಿ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಪ್ರಚಾರಕ್ಕೆ ತಂದ ಈ ಕ್ರಮ ನಮ್ಮ ಸಭೆಗಳಿಗೆ ಬಹಳ ಒಗ್ಗುತ್ತದೆ. ಹಿರಿಯರ ಯೋಜನೆಯನ್ನು ಟೀಕಿಸಲು ಅಂಜುವವರೂ ಆಗಿಹೋದ ಸೋಲಿಗೆ ಕಾರಣ ಹುಡುಕಲು ಹಿಂಜರಿಯುವುದಿಲ್ಲ.

ಕೊನೆಯದಾಗಿ, ಎರಡು ದಿನದ ಈ ಕೂಟಕ್ಕೆ ಕಾನೂನಿನ ದೃಷ್ಟಿಯಲ್ಲಿ ಬೆಲೆಯಿಲ್ಲ ಎಂಬುದನ್ನು ನೆನಪಿಡಿ. ನಿರ್ಧಾರಗಳು ವಿಧಿವತ್ತಾಗಿ ಕರೆದ ಮಂಡಳಿ ಸಭೆಯಲ್ಲಿ ಠರಾವಾಗಬೇಕು, ಷೇರುದಾರರಿಗೆ ಸಂಬಂಧಿಸಿದವು ಒಬ್ಬ ಸದಸ್ಯರಿಗೆ ಒಂದೇ ಮತವಿರುವ ವಾರ್ಷಿಕ ಮಹಾಸಭೆಗೆ ಹೋಗಬೇಕು. ಆದ್ದರಿಂದ ಗೋಡೆಯ ಮೇಲಿನ ಹಾಳೆಗಳನ್ನು ಒಂದು ವಾರದೊಳಗೆ ಎರಡು ಪುಟಕ್ಕೆ ಇಳಿಸಿ, ಪ್ರತಿ ಕೆಲಸದ ಮುಂದೆ ಒಬ್ಬರದೇ ಹೆಸರು ಮತ್ತು ಒಂದು ತಿಂಗಳು ಬರೆದು, ಮುಂದಿನ ಮಂಡಳಿ ಸಭೆಯಲ್ಲಿ ಕನ್ನಡದಲ್ಲಿ ಜೋರಾಗಿ ಓದಿಸಿ. ಧ್ಯೇಯವಾಕ್ಯ ಬರೆಯಲು ಹತ್ತು ಜನರ ಅರ್ಧ ದಿನ ಕಳೆಯಬೇಡಿ. ಭಾಷೆ ಬಲ್ಲ ಇಬ್ಬರಿಗೆ ವಹಿಸಿದರೆ ಆ ಎರಡು ಪುಟದ ಜೊತೆಗೇ ಅದನ್ನೂ ಬರೆದು ತರುತ್ತಾರೆ.