ಹೊಸ ಕ್ಲೌನ್ ಮೀನಿಗೆ ಹದಿನೈದು ದಿನ ಕಾಪರ್ ಕೊಟ್ಟರೆ ಸಾಕಾ?

ಬೆಂಗಳೂರಿನಿಂದ ತುಮಕೂರಿಗೆ ಜೋಡಿ ಕ್ಲೌನ್ (ಉಪ್ಪುನೀರಿನ ಸಮುದ್ರ ಮೀನು) ತರುತ್ತಿದ್ದೀರಿ, ಬೇರೆ ಟ್ಯಾಂಕಿನಲ್ಲಿಟ್ಟು ಹದಿನೈದು ದಿನ ಕಾಪರ್ (ರೋಗದ ಹುಳು ಕೊಲ್ಲಲು ನೀರಿಗೆ ಬೆರೆಸುವ ತಾಮ್ರದ ಮದ್ದು) ಕೊಟ್ಟರೆ ಸಾಕಾ ಅಂತೀರಿ. ಸಾಲದು. ಇದೇ ಲೆಕ್ಕ ಹಾಕಿ ಎರಡು ಮೀನು ಕಳಕೊಂಡವನು ನಾನು. ಕ್ಲೌನ್ ಮೀನಿಗೆ ಕಾಪರ್ ಎರಡನೇ ಮದ್ದು.

ಮೈಮೇಲೆ ಬಿಳಿ ಕಂಡಿತು, ಚುಕ್ಕಿ ರೋಗ ಅಂದುಕೊಂಡು ಕಾಪರ್ ಏರಿಸಿದೆ. ಅದು ಬ್ರೂಕ್ಲಿನೆಲ್ಲಾ, ಕ್ಲೌನ್ ಮೀನನ್ನು ಹೆಚ್ಚಾಗಿ ಕಾಡುವ ಕಣ್ಣಿಗೆ ಕಾಣದ ಪರಾವಲಂಬಿ. ಚುಕ್ಕಿ ರೋಗದಲ್ಲಿ ಉಪ್ಪಿನ ಹರಳಿನಂಥ ಬಿಡಿಬಿಡಿ ಕಾಳು, ಎಣಿಸಬಹುದು. ವೆಲ್ವೆಟ್ ಎಂಬ ಇನ್ನೊಂದು ರೋಗದಲ್ಲಿ ಹಿಟ್ಟು ಉದುರಿಸಿದಂಥ ನವುರು ಧೂಳು. ಅದು ಕಾಣುವ ಮೊದಲೇ ಮೀನು ಏದುಸಿರು ಬಿಡುತ್ತಿರುತ್ತದೆ. ಬ್ರೂಕ್ಲಿನೆಲ್ಲಾದಲ್ಲಿ ಕಾಳೇ ಇಲ್ಲ, ಲೋಳೆ. ಕೆನೆ ಕಟ್ಟಿದಂತಾಗಿ ಪದರಪದರವಾಗಿ ಕಳಚುತ್ತದೆ. ಮೊದಲೆರಡರ ಹುಳು ಮೀನಿನ ಮೈ ಬಿಟ್ಟು, ಮರಿಗಳಾಗಿ ಒಡೆದು ನೀರಲ್ಲಿ ಈಜುವಾಗ ಕಾಪರ್‌ಗೆ ಸಿಕ್ಕಿ ಸಾಯುತ್ತದೆ. ಬ್ರೂಕ್ಲಿನೆಲ್ಲಾಗೆ ಆ ಚಕ್ರವಿಲ್ಲ. ಚರ್ಮದ ಮೇಲೆ, ಕಿವಿರಿನೊಳಗೆ, ಇದ್ದಲ್ಲೇ ಎರಡೆರಡಾಗಿ ಸೀಳಿಕೊಂಡು ಹೆಚ್ಚುತ್ತದೆ. ನಾನು ಕಾಪರ್ ಏರಿಸಿದಷ್ಟೂ ಸೊರಗಿದ್ದು ಮೀನು. ಎರಡೇ ದಿನ.

ಲೋಳೆ ಕಂಡ ದಿನವೇ ಫಾರ್ಮಲಿನ್ (ಫಾರ್ಮಾಲ್ಡಿಹೈಡ್ ದ್ರಾವಣ) ಸ್ನಾನ. ಬಕೆಟ್ಟಿನಲ್ಲಿ ಟ್ಯಾಂಕಿನಷ್ಟೇ ಉಪ್ಪು, ಅಷ್ಟೇ ಬಿಸಿಯ 10 ಲೀಟರ್ ನೀರು, ಶೇ. 37ರ ಫಾರ್ಮಲಿನ್ 1.5ರಿಂದ 2 ಮಿಲಿ, 30ರಿಂದ 45 ನಿಮಿಷ. ಫಾರ್ಮಲಿನ್ ನೀರಿನ ಆಮ್ಲಜನಕ ಇಳಿಸುವುದರಿಂದ ಏರ್ ಪಂಪ್ ಜೋರಾಗಿರಲಿ. ಮೀನು ವಾಲಿದರೆ ತಕ್ಷಣ ಎತ್ತಿ. ಬಾಟಲಿಯ ತಳದಲ್ಲಿ ಬಿಳಿ ಗಸಿ ಇದ್ದರೆ ಬಳಸಲೇಬೇಡಿ, ಅದು ಮೀನಿಗೆ ಇನ್ನೂ ಘೋರ ವಿಷ. ಫಾರ್ಮಲಿನ್ ನಿಮಗೂ ಒಳ್ಳೆಯದಲ್ಲ, ಕ್ಯಾನ್ಸರ್ ತರುವಂಥದ್ದು: ಕೈಗವಸು ಹಾಕಿ, ಕಿಟಕಿ ತೆಗೆದಿಡಿ. ಸ್ನಾನವಾದ ಮೇಲೆ ಹಳೇ ಟ್ಯಾಂಕಿಗೆ ವಾಪಸ್ ಬಿಟ್ಟರೆ ಮಾಡಿದ್ದೆಲ್ಲ ದಂಡ. ಹೊಸ ನೀರಿನ ಇನ್ನೊಂದು ಟ್ಯಾಂಕು ಬೇಕು. ದಿನ ಬಿಟ್ಟು ದಿನ, ಮೂರು ಸಲ.

ಹೊಸ ಮೀನನ್ನು ಬೇರೆ ಇಡುವ ಟ್ಯಾಂಕು 40 ಲೀಟರಿನದಾದರೆ ಸಾಕು. ನಮ್ಮ ಕಡೆಯ ಬೋರ್‌ವೆಲ್ ನೀರು ಬೇಡವೇ ಬೇಡ. ಆರ್‌ಒ ನೀರಿಗೇ ಉಪ್ಪು ಕಲಸಿ. ಫಿಲ್ಟರಿನ ಸ್ಪಾಂಜನ್ನು ತಿಂಗಳ ಮೊದಲೇ ದೊಡ್ಡ ಟ್ಯಾಂಕಿನಲ್ಲಿಟ್ಟು, ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೂರುವಂತೆ ಪಳಗಿಸಿಡಿ. ಅಡಗಲು ಪಿವಿಸಿ ಎಲ್ಬೋ. ಕಲ್ಲು, ಹವಳದ ಮರಳು ಇಟ್ಟರೆ ಕಾಪರನ್ನು ಹೀರಿಕೊಳ್ಳುತ್ತವೆ, ನಿಮ್ಮ ಅಳತೆ ಸುಳ್ಳಾಗುತ್ತದೆ. ಕರೆಂಟು ಹೋಗುತ್ತದೆ, ಬ್ಯಾಟರಿ ಏರ್ ಪಂಪ್ ಇರಲಿ. ಎಪ್ಪತ್ತು ಕಿಲೋಮೀಟರ್ ದಾರಿಯಲ್ಲಿ ಚೀಲದ ನೀರಿನಲ್ಲಿ ಅಮೋನಿಯಾ ಕೂಡಿರುತ್ತದೆ; ಬಾಯಿ ಬಿಚ್ಚಿದೊಡನೆ ಪಿಎಚ್ ಏರಿ ಅದು ವಿಷವಾಗುತ್ತದೆ. ಚೀಲಕ್ಕೆ ಟ್ಯಾಂಕಿನ ನೀರನ್ನು ಗಂಟೆಗಟ್ಟಲೆ ಹನಿ ಬಿಡುತ್ತ ಕೂರಬೇಡಿ. ಅಂಗಡಿಯವರ ನೀರಿನ ಉಪ್ಪು ಎಷ್ಟೆಂದು ಮೊದಲೇ ಕೇಳಿ ಅದಕ್ಕೇ ಸರಿಹೊಂದಿಸಿ, ಚೀಲ ತೇಲಿಸಿ ಬಿಸಿ ಸಮ ಮಾಡಿ ಮೀನನ್ನಷ್ಟೇ ಬಿಡಿ.

ಲೋಳೆಯಿಲ್ಲದೆ ವಾರ ಕಳೆದ ಮೇಲೆ ಕಾಪರ್. ಕೀಲೇಟೆಡ್ (ಬೇರೆ ಅಣುವಿಗೆ ಕಟ್ಟಿದ ತಾಮ್ರ) ಆದರೆ ಎರಡು ಮೂರು ದಿನದಲ್ಲಿ ಏರಿಸಿ 2.0ರಿಂದ 2.5 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಅಯಾನಿಕ್ (ಕಟ್ಟಿಲ್ಲದ ತಾಮ್ರ) ಆದರೆ 0.5. ಹನಿ ಎಣಿಸಿ ನಂಬಬೇಡಿ, ಡಿಜಿಟಲ್ ಮೀಟರಿನಲ್ಲಿ ದಿನಾ ಅಳೆಯಿರಿ. ಬದಲಿಸುವ ನೀರಿಗೂ ಅಷ್ಟೇ ಕಾಪರ್ ಸೇರಿಸಿ. ಅಮೋನಿಯಾ ಇಳಿಸುವ ದ್ರಾವಣವನ್ನು ಜೊತೆಗೆ ಸುರಿಯಬೇಡಿ. ನಿಮ್ಮ ಹದಿನೈದು ದಿನ ಸರಿಯಾಗುವುದು ಕೊನೆಗೆ ಮೀನನ್ನು ಶುಚಿಯಾದ ಬೇರೆ ಟ್ಯಾಂಕಿಗೆ ದಾಟಿಸಿದರೆ ಮಾತ್ರ. ಅಲ್ಲೇ ಬಿಡುವುದಾದರೆ 30 ದಿನ.

ಫಾರ್ಮಲಿನ್ ಮಾತ್ರ ಮೀನಿಗಿಂತ ಮೊದಲು ಮನೆಗೆ ಬರಲಿ. ಭಾನುವಾರ ಸಂಜೆ ಲೋಳೆ ಕಂಡರೆ ಕೆಮಿಕಲ್ ಅಂಗಡಿ ಬಾಗಿಲು ಹಾಕಿರುತ್ತದೆ.