ಪಟ್ಟಿ ಒಂದೇ ಸಲ ಬರಲಿ, ವಿಂಡೋ ನಿಲ್ಲದಿರಲಿ

ಪ್ರಶ್ನೆ: ಔಷಧಿ ಸಗಟು ಅಂಗಡಿಗೆಂದು ಸಿ ಶಾರ್ಪ್, ಡಬ್ಲ್ಯೂಪಿಎಫ್‌ನಲ್ಲಿ (ವಿಂಡೋಸ್ ಆ್ಯಪ್‌ಗಳ ಪರದೆ ಕಟ್ಟುವ ಸಲಕರಣೆ) ಬಿಲ್ಲಿಂಗ್ ಆ್ಯಪ್ ಬರೆದಿದ್ದೇನೆ. ಸರ್ವರ್‌ನಿಂದ ಔಷಧಿಗಳ ಪಟ್ಟಿ ತಂದು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಸರ್ವೀಸ್ ಒಂದಿದೆ. ಆ್ಯಪ್ ಶುರುವಾಗುವಾಗಲೇ ತಂದರೆ ವಿಂಡೋ ಕಾಣುವುದೇ ತಡ. ಹಾಗಾಗಿ ಬೇಕಾದಾಗ ಮಾತ್ರ ಆ ಸರ್ವೀಸ್ ಶುರುವಾಗುವಂತೆ ಮಾಡಿದೆ. ಕನ್‌ಸ್ಟ್ರಕ್ಟರ್‌ನಲ್ಲಿ (ಸರ್ವೀಸ್ ಹುಟ್ಟುವಾಗ ಓಡುವ ಕೋಡ್) ಅವೈಟ್ (ಆ್ಯಪ್ ನಿಲ್ಲಿಸದೆ ಕಾಯುವುದು) ಬರೆಯಲು ಆಗದ್ದರಿಂದ ಡಾಟ್ ರಿಸಲ್ಟ್ (ಉತ್ತರ ಬರುವ ತನಕ ಅಲ್ಲೇ ನಿಲ್ಲುವುದು) ಹಾಕಿದೆ. ಈಗ ವಿಂಡೋ ಹ್ಯಾಂಗ್ ಆಗುತ್ತದೆ, ಎರರ್ ಕೂಡ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಹ್ಯಾಂಗ್ ಆದಾಗ ಡಿಬಗರ್‌ನಲ್ಲಿ ಪಾಸ್ ಒತ್ತಿ, ಮೇನ್ ಥ್ರೆಡ್‌ನ (ಆ್ಯಪ್‌ನ ಕೋಡನ್ನು ಸಾಲಾಗಿ ಓಡಿಸುವ ಮುಖ್ಯ ಎಳೆ) ಕಾಲ್ ಸ್ಟ್ಯಾಕ್, ಅಂದರೆ ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಎಂಬ ಸರಣಿ, ನೋಡಿ. ಆ ಡಾಟ್ ರಿಸಲ್ಟ್ ಸಾಲಿನ ಮೇಲೇ ನಿಂತಿರುತ್ತದೆ. ಪರದೆ ಬಿಡಿಸುವುದು, ಕ್ಲಿಕ್ ಕೇಳುವುದು ಎಲ್ಲ ಅದೊಂದೇ ಥ್ರೆಡ್‌ನ ಕೆಲಸ. ನಿಮ್ಮ ಲೋಡ್ ಫಂಕ್ಷನ್‌ನಲ್ಲಿ ಅವೈಟ್ ಆದಮೇಲಿನ ಸಾಲುಗಳೂ ಅದೇ ಥ್ರೆಡ್‌ಗೆ ಮರಳಬೇಕು. ಥ್ರೆಡ್ ಪಟ್ಟಿಗಾಗಿ ಕಾಯ್ತಿದೆ, ಪಟ್ಟಿ ಥ್ರೆಡ್‌ಗಾಗಿ ಕಾಯ್ತಿದೆ. ಇದೇ ಡೆಡ್‌ಲಾಕ್. ಸರ್ವೀಸ್ ಒಳಗೆ ಕಾನ್ಫಿಗರ್‌ಅವೈಟ್ ಫಾಲ್ಸ್ (ಅದೇ ಥ್ರೆಡ್‌ಗೆ ಮರಳಬೇಕಿಲ್ಲ ಎಂಬ ಸೂಚನೆ) ಹಾಕಿದರೆ ಡೆಡ್‌ಲಾಕ್ ತಪ್ಪಬಹುದು. ಆದರೆ ಪಟ್ಟಿ ಬರುವ ತನಕ ವಿಂಡೋ ಅಲುಗಾಡುವುದಿಲ್ಲ. ಹಾಗಾಗಿ ಡಾಟ್ ರಿಸಲ್ಟ್ ತೆಗೆದೇ ಬಿಡಿ.

ಕನ್‌ಸ್ಟ್ರಕ್ಟರ್‌ನಲ್ಲಿ ಏನನ್ನೂ ತರಬೇಡಿ. ಅಲ್ಲಿ ಒಂದು ಲೇಜಿ (ಮೊದಲ ಸಲ ಕೇಳಿದಾಗಷ್ಟೇ ಒಳಗಿನದನ್ನು ತಯಾರಿಸುವ ಡಬ್ಬಿ) ಮಾತ್ರ ಮಾಡಿಡಿ. ಅದರೊಳಗೆ ಇರಬೇಕಾದ್ದು ಪಟ್ಟಿಯಲ್ಲ, ಪಟ್ಟಿ ತರುವ ಟಾಸ್ಕ್, ಅಂದರೆ ಮುಂದೆ ಉತ್ತರ ಕೊಡುವ ಕೆಲಸ. 2010ರಲ್ಲಿ ಡಾಟ್‌ನೆಟ್ (ಸಿ ಶಾರ್ಪ್ ಓಡುವ ವೇದಿಕೆ) 4ರ ಜೊತೆ ಲೇಜಿ ಬಂತು, 2012ರಲ್ಲಿ ಸಿ ಶಾರ್ಪ್ 5ರ ಜೊತೆ ಅಸಿಂಕ್, ಅವೈಟ್ ಬಂದವು. ಎರಡೂ ಸೇರಿದರೆ ನಿಮಗೆ ಬೇಕಾದ್ದು ಸಿಗುತ್ತದೆ. ಯಾರಾದರೂ ಮೊದಲ ಸಲ ಲೇಜಿಯ ವ್ಯಾಲ್ಯೂ ಕೇಳಿದಾಗ ಲೋಡ್ ಶುರು. ಆಮೇಲೆ ಕೇಳಿದವರಿಗೆಲ್ಲ ಅದೇ ಟಾಸ್ಕ್.

ಟಾಸ್ಕನ್ನೇ ಯಾಕೆ ಇಡಬೇಕು? 'ಪಟ್ಟಿ ನಲ್ (ಖಾಲಿ) ಆಗಿದ್ದರೆ ತಾ' ಅಂತ ಬರೆದಿದ್ದೀರಿ ಅಂದುಕೊಳ್ಳಿ. ಬಿಲ್ ಟ್ಯಾಬ್ ಪಟ್ಟಿ ಕೇಳಿ ಕಾಯುತ್ತಿರುವಾಗಲೇ ನೀವು ಸ್ಟಾಕ್ ಟ್ಯಾಬ್ ತೆರೆಯುತ್ತೀರಿ. ಪಟ್ಟಿ ಇನ್ನೂ ನಲ್. ಸರ್ವರ್‌ಗೆ ಎರಡನೇ ಸಲ ಹೋಗುತ್ತದೆ. ಟಾಸ್ಕ್ ಇಟ್ಟುಕೊಂಡರೆ ಎರಡೂ ಟ್ಯಾಬ್ ಒಂದನ್ನೇ ಅವೈಟ್ ಮಾಡುತ್ತವೆ. ಈ ಅವೈಟ್ ಅನ್ನು ಟ್ಯಾಬ್‌ನ ಲೋಡೆಡ್ ಈವೆಂಟ್‌ನಲ್ಲಿ ಬರೆಯಿರಿ, ಅಲ್ಲಿಯವರೆಗೆ 'ಪಟ್ಟಿ ಬರುತ್ತಿದೆ' ಅಂತ ತೋರಿಸಿ.

ಇನ್ನು, ಜನ ಜಾಸ್ತಿ ಮರೆಯುವುದು ಸೋಲನ್ನು. ಬೆಳಿಗ್ಗೆ ಅಂಗಡಿ ತೆರೆದಾಗ ನೆಟ್ ಇರಲಿಲ್ಲ. ಟಾಸ್ಕ್ ಫೇಲ್ ಆಯಿತು. ಎರಡು ನಿಮಿಷಕ್ಕೆ ನೆಟ್ ಬಂತು. ಆದರೆ ಲೇಜಿ ಹಿಡಿದುಕೊಂಡಿರುವುದು ಆ ಕೆಟ್ಟ ಟಾಸ್ಕನ್ನೇ, ಹೊಸದಾಗಿ ಪ್ರಯತ್ನಿಸುವುದೇ ಇಲ್ಲ. ಆ್ಯಪ್ ಮುಚ್ಚಿ ತೆರೆಯುವ ತನಕ ಕೌಂಟರ್‌ನಲ್ಲಿರುವವರಿಗೆ ಅದೇ ಎರರ್. ಲೇಜಿಯ ಪಬ್ಲಿಕೇಶನ್ ಓನ್ಲಿ ಮೋಡ್ (ಒಳಗಿನದನ್ನು ತಯಾರಿಸುವಾಗ ಎರರ್ ಬಂದರೆ ಮುಂದಿನ ಸಲ ಮತ್ತೆ ಪ್ರಯತ್ನಿಸುವ ಬಗೆ) ಇದನ್ನು ಸರಿ ಮಾಡಲ್ಲ. ಲೇಜಿಯ ದೃಷ್ಟಿಯಲ್ಲಿ ಟಾಸ್ಕ್ ಸಿಕ್ಕಿದೆ, ಅದರ ಕೆಲಸ ಮುಗಿದಿದೆ. ಹಾಗಾಗಿ ಸರ್ವೀಸ್‌ನಲ್ಲೇ ಕ್ಯಾಚ್ (ಎರರ್ ಹಿಡಿಯುವ ಕೋಡ್) ಬರೆದು, ಫೇಲ್ ಆದರೆ ಹೊಸ ಲೇಜಿ ಕೂರಿಸಿ, ಎರರ್ ಅನ್ನು ಮೇಲಕ್ಕೆ ಎಸೆಯಿರಿ. ಇದಕ್ಕೆ ಇಂಟರ್‌ಲಾಕ್ಡ್ ಕಂಪೇರ್‌ಎಕ್ಸ್‌ಚೇಂಜ್ (ಹಳೆಯದು ಇನ್ನೂ ಅಲ್ಲೇ ಇದ್ದರೆ ಮಾತ್ರ ಬದಲಿಸುವುದು) ಬಳಸಿ, ಇಲ್ಲದಿದ್ದರೆ ಇನ್ನೊಂದು ಟ್ಯಾಬ್ ಆಗಲೇ ಕೂರಿಸಿದ ಒಳ್ಳೆಯ ಲೇಜಿಯನ್ನು ಇದು ಅಳಿಸಿಬಿಡಬಹುದು.

ಟ್ಯಾಬ್ ಮುಚ್ಚಿದರೆ ಲೋಡ್ ನಿಲ್ಲಿಸಲು ಆ ಟ್ಯಾಬ್‌ನ ಕ್ಯಾನ್ಸಲೇಶನ್ ಟೋಕನ್ ('ನಿಲ್ಲಿಸು' ಎಂಬ ಸೂಚನೆ) ಕೊಡಬೇಡಿ, ಕಾಯುತ್ತಿರುವ ಉಳಿದ ಟ್ಯಾಬ್‌ಗಳೂ ಬೀಳುತ್ತವೆ. ಡಾಟ್‌ನೆಟ್ 6ರಿಂದ ವೇಟ್‌ಅಸಿಂಕ್ ಇದೆ. ಟೋಕನ್ ಅದಕ್ಕೆ ಕೊಟ್ಟರೆ ಆ ಟ್ಯಾಬ್ ಕಾಯುವುದನ್ನು ಮಾತ್ರ ಬಿಡುತ್ತದೆ.

ಕೊನೆಗೆ, ಮೊದಲ ಬಿಲ್ ಮಾಡುವಾಗಲೂ ಕಾಯಬಾರದು ಅಲ್ವಾ? ಮುಖ್ಯ ವಿಂಡೋದ ಕಂಟೆಂಟ್‌ರೆಂಡರ್ಡ್ ಈವೆಂಟ್‌ನಲ್ಲಿ ಸರ್ವೀಸನ್ನು ಒಮ್ಮೆ ಕರೆದುಬಿಡಿ, ಅವೈಟ್ ಬೇಡ. ಕಣ್ಣಿಗೆ ವಿಂಡೋ ಕಂಡಾಗಿದೆ. ನೀವು ಗ್ರಾಹಕರ ಹೆಸರು ಟೈಪ್ ಮಾಡುವಷ್ಟರಲ್ಲಿ ಪಟ್ಟಿ ಹಿನ್ನೆಲೆಯಲ್ಲಿ ಬರುತ್ತಿರುತ್ತದೆ.